‘ವಯಸ್ಸಾಯಿತು’ ಎಂದು ತೀರ್ಮಾನಿಸುವ ಮೊದಲು

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಎರಡು ದಶಕಗಳಲ್ಲಿ ಹುಟ್ಟಿ ಈಗ ಅರವತ್ತು ದಾಟಿರುವ ತಲೆಮಾರಿನ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳು ಬರೆದವು. ಆ ತಲೆಮಾರಿನವರೇ ಬರೆದವು ಕಡಿಮೆ. ಅವುಗಳಲ್ಲಿ ಐದನ್ನು, ಬರೆದವರ ಗುರುತು ಸಿಗದಂತೆ ಸಂಕ್ಷೇಪಿಸಿ, ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮಗ ಮಾತುಮಾತಿಗೆ ನನ್ನನ್ನು ‘ಬೂಮರ್’ ಎಂದು ಗೇಲಿ ಮಾಡುತ್ತಾನೆ. ನಮ್ಮ ತಲೆಮಾರಿನವರೆಲ್ಲ ಹಟಮಾರಿಗಳು, ಹೊಸದನ್ನು ಒಪ್ಪದವರು ಎಂಬುದು ಅವನ ವಾದ. ಇದರಲ್ಲಿ ಹುರುಳಿದೆಯೇ?

ಉತ್ತರ: ಜನಸಂಖ್ಯಾ ಲೆಕ್ಕಕ್ಕಾಗಿ ಹುಟ್ಟಿದ ಹೆಸರೊಂದು ಸ್ವಭಾವದ ಹಣೆಪಟ್ಟಿಯಾಗಿದೆ, ಅಷ್ಟೆ. ಅಮೆರಿಕದಲ್ಲಿ 1946ರಿಂದ 1964ರವರೆಗೆ ಸುಮಾರು 7.6 ಕೋಟಿ ಮಕ್ಕಳು ಹುಟ್ಟಿದರು. ಆ ಏರಿಕೆಯನ್ನು ಗುರುತಿಸಲು ಬೇಬಿ ಬೂಮ್ ಎಂದರು, ಆಗ ಹುಟ್ಟಿದವರು ಬೂಮರ್‌ಗಳಾದರು. ಜಪಾನಿನಲ್ಲಿ ಇಂಥ ಏರಿಕೆ ಕಂಡದ್ದು 1947ರಿಂದ 1949ರವರೆಗೆ ಮಾತ್ರ. ಅಮೆರಿಕದ ಲೆಕ್ಕದಂತೆ ಈ ತಲೆಮಾರಿನ ಹಿರಿಯರು 2026ರಲ್ಲಿ 80 ತುಂಬುವವರು, ಕಿರಿಯರು ಅದೇ ವರ್ಷ 62ಕ್ಕೆ ಕಾಲಿಡುವವರು. ಹದಿನೆಂಟು ವರ್ಷಗಳ ಅಂತರದಲ್ಲಿ ಹರಡಿರುವ ಕೋಟ್ಯಂತರ ಜನರಿಗೆ ಒಂದೇ ಸ್ವಭಾವ ಇರಲು ಸಾಧ್ಯವಿಲ್ಲ. ಗೇಲಿಯನ್ನು ಗೇಲಿಯಾಗಿಯೇ ಬಿಡಬಹುದು. ಅದನ್ನು ಕೇಳಿ ಕೇಳಿ ‘ಇನ್ನು ನನ್ನಿಂದ ಏನೂ ಆಗದು’ ಎಂದು ನೀವೇ ನಂಬತೊಡಗುವುದು ಮಾತ್ರ ಚಿಂತೆಯ ವಿಷಯ. ಇದಕ್ಕಿಂತ ಹಿಂದಿನ ತಲೆಮಾರಿನ ಅಮೆರಿಕದ ಓಹಾಯೋ ನಿವಾಸಿಗಳನ್ನು ಕುರಿತು ಸಂಶೋಧಕಿ ಬೆಕಾ ಲೆವಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇಟ್ಟುಕೊಂಡವರು ಇಲ್ಲದವರಿಗಿಂತ ಸರಾಸರಿ ಏಳೂವರೆ ವರ್ಷ ಹೆಚ್ಚು ಬದುಕಿದ್ದು ಕಂಡುಬಂತು. ಆ ಭಾವನೆಯೇ ಆಯುಸ್ಸನ್ನು ಬೆಳೆಸಿತು ಎಂದು ಇದರಿಂದ ಹೇಳಲಾಗದು. ಆದರೂ ಮಗನಿಗೆ ಇದನ್ನು ಓದಿ ಹೇಳುವುದರಲ್ಲಿ ತಪ್ಪಿಲ್ಲ.

ಪ್ರಶ್ನೆ: ತಂದೆಗೆ 66 ವರ್ಷ. ನಿವೃತ್ತರಾಗಿ ವರ್ಷವಾಗುತ್ತ ಬಂತು. ಬಂದವರನ್ನೆಲ್ಲ ಮಾತನಾಡಿಸುತ್ತಿದ್ದವರು ಈಗ ನಾಲ್ಕು ಜನ ಸೇರಿದರೆ ಎದ್ದು ಕೋಣೆಗೆ ಹೋಗುತ್ತಾರೆ. ಫೋನ್ ಬಂದರೆ ತಾಯಿಯ ಕೈಗೆ ಕೊಡುತ್ತಾರೆ. ಏನು ಕೇಳಿದರೂ ರೇಗುತ್ತಾರೆ. ಕೆಲಸ ಬಿಟ್ಟ ಬೇಸರ, ತಾನಾಗಿ ಸರಿಹೋಗುತ್ತದೆ ಎನ್ನುತ್ತಾರೆ ತಾಯಿ. ಕಾಯಬಹುದೇ?

ಉತ್ತರ: ಕಾಯಬೇಡಿ, ಹಾಗೆಂದು ಖಿನ್ನತೆ ಎಂದು ಹೆಸರಿಡಲು ಅವಸರವನ್ನೂ ಪಡಬೇಡಿ. ಗುಂಪಿನಿಂದ ಎದ್ದುಹೋಗುವುದು, ಫೋನನ್ನು ಇನ್ನೊಬ್ಬರ ಕೈಗೆ ದಾಟಿಸುವುದು, ಈ ಎರಡು ವಿವರಗಳನ್ನು ಓದಿದಾಗ ನನಗೆ ಮೊದಲು ಅನುಮಾನ ಬಂದದ್ದು ಅವರ ಕಿವಿಯ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಅರವತ್ತು ದಾಟಿದವರಲ್ಲಿ ಶೇ 65ಕ್ಕೂ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಟ್ಟದ ಶ್ರವಣದೋಷ ಇರುತ್ತದೆ.

ವಯಸ್ಸಿನೊಂದಿಗೆ ಬರುವ ಈ ದೋಷ ಎಲ್ಲ ಶಬ್ದವನ್ನೂ ಒಂದೇ ಸಮನೆ ತಗ್ಗಿಸುವುದಿಲ್ಲ. ಮೊದಲು ಕೈಬಿಡುವುದು ಹೆಚ್ಚು ಕಂಪನಾಂಕದ, ಅಂದರೆ ಕೀಚಲು ಬಗೆಯ ಸದ್ದುಗಳು; ಸ, ಶ, ತ ಮುಂತಾದ ವ್ಯಂಜನಗಳ ಅಂಚು ಮಸುಕಾಗುತ್ತದೆ, ಸ್ವರಗಳು ಉಳಿದಿರುತ್ತವೆ. ಹೀಗಾಗಿ ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ನಿಶ್ಶಬ್ದವಾದ ಕೋಣೆಯಲ್ಲಿ ಎದುರು ಕುಳಿತ ಒಬ್ಬರೊಡನೆ ಮಾತು ಸರಾಗವಾಗಿ ನಡೆಯುವುದರಿಂದ ‘ಬೇಕಾದ್ದು ಮಾತ್ರ ಕೇಳಿಸುತ್ತದೆ’ ಎಂಬ ಆರೋಪ ಬೇರೆ ಹೊರಬೇಕಾಗುತ್ತದೆ. ಇಂಥವರನ್ನು ಗುಂಪಿನಲ್ಲಿ ಸ್ವಲ್ಪ ಹೊತ್ತು ಗಮನಿಸಿ ನೋಡಿ. ಯಾರೋ ತಮಾಷೆ ಮಾಡುತ್ತಾರೆ, ಎಲ್ಲರೂ ನಗುತ್ತಾರೆ, ಇವರು ಉಳಿದವರ ಮುಖ ನೋಡಿ ಅರೆಕ್ಷಣ ತಡವಾಗಿ ನಗುತ್ತಾರೆ. ಯಾರೋ ಒಂದು ಪ್ರಶ್ನೆ ಕೇಳಿದರೆ ಕೇಳದ ಇನ್ನೊಂದು ಪ್ರಶ್ನೆಗೆ ಉತ್ತರ ಕೊಡುತ್ತಾರೆ. ಅಲ್ಲೊಂದು ಮೌನ ಉಂಟಾಗುತ್ತದೆ, ಆ ಮೌನ ಇವರಿಗೆ ಚೆನ್ನಾಗಿಯೇ ಕೇಳಿಸುತ್ತದೆ. ಮುಂದಿನ ಸಲ ಅವರು ಬಾಯಿ ತೆರೆಯುವುದಿಲ್ಲ. ಅದರ ಮುಂದಿನ ಸಲ ಅಲ್ಲಿ ಕೂರುವುದೇ ಇಲ್ಲ.

ಆದ್ದರಿಂದ ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ‘ನಿಮಗೆ ಕಿವಿ ಕೇಳಿಸುತ್ತಿಲ್ಲ’ ಎಂದು ಎಲ್ಲರೆದುರು ಹೇಳುವ ಬದಲು, ಕಣ್ಣಿನ ತಪಾಸಣೆಯ ಜೊತೆಗೆ ಇದೂ ಆಗಿಬಿಡಲಿ ಎಂದರೆ ಒಪ್ಪುವ ಸಂಭವ ಹೆಚ್ಚು. ಶ್ರವಣಸಾಧನ ಬೇಕೆಂದಾದರೆ, ಮೊದಲ ದಿನವೇ ಎಲ್ಲ ಸರಿಹೋಗುತ್ತದೆ ಎಂಬ ನಿರೀಕ್ಷೆ ಬೇಡ. ಮಿದುಳು ಆ ಸದ್ದಿಗೆ ಒಗ್ಗಲು ವಾರಗಳೇ ಬೇಕಾಗುತ್ತವೆ, ಅಳತೆಯನ್ನು ಮರುಹೊಂದಿಸಲು ತಜ್ಞರ ಬಳಿ ಮತ್ತೆ ಹೋಗಬೇಕಾಗುತ್ತದೆ. ಕೊಂಡ ಸಾಧನ ಪೆಟ್ಟಿಗೆ ಸೇರುವುದು ಬಹುತೇಕ ಈ ಹಂತದಲ್ಲಿ. ಮನೆಯವರು ಮಾಡಬೇಕಾದದ್ದೂ ಇದೆ: ಟಿ.ವಿ. ಆರಿಸಿ, ಮುಖಕ್ಕೆ ಬೆಳಕು ಬೀಳುವಂತೆ ಎದುರು ಕುಳಿತು, ಕೂಗದೆ, ಒಬ್ಬರಾದ ಮೇಲೆ ಒಬ್ಬರು ಮಾತನಾಡುವುದು. ಅರ್ಥವಾಗದಿದ್ದರೆ ಅದೇ ವಾಕ್ಯವನ್ನು ಮತ್ತೆ ಹೇಳುವ ಬದಲು ಬೇರೆ ಪದಗಳಲ್ಲಿ ಹೇಳುವುದು. ‘ಬಿಡಿ, ಅಂಥದ್ದೇನಿಲ್ಲ’ ಎಂಬ ಮಾತು ಮಾತ್ರ ಬೇಡವೇ ಬೇಡ. ಕಿವಿಯನ್ನು ಕಡೆಗಣಿಸಿದರೆ ಹಾನಿ ಒಂಟಿತನಕ್ಕೆ ನಿಲ್ಲುವುದಿಲ್ಲ: ಡಿಮೆನ್ಶಿಯಾ (ನೆನಪು, ಯೋಚನಾಶಕ್ತಿ ಕುಂದುತ್ತ ಹೋಗುವ ಕಾಯಿಲೆ) ಕುರಿತು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ನೇಮಿಸಿದ ಆಯೋಗ 2024ರಲ್ಲಿ ಪಟ್ಟಿಮಾಡಿದ, ಬದಲಾಯಿಸಬಹುದಾದ 14 ಅಪಾಯಕಾರಕ ಅಂಶಗಳಲ್ಲಿ ಚಿಕಿತ್ಸೆಯಿಲ್ಲದ ಶ್ರವಣದೋಷವೂ ಒಂದು.

ಕಿವಿ ಸರಿಯಿದ್ದೂ ಹೀಗಿದ್ದರೆ ಆಗ ಮನಸ್ಸಿನ ಕಡೆ ನೋಡಬೇಕು. ನಿವೃತ್ತಿ ಸಣ್ಣ ಘಟನೆಯೇನಲ್ಲ. ಮನೋವೈದ್ಯರಾದ ಹೋಮ್ಸ್ ಮತ್ತು ರಾಹೆ 1967ರಲ್ಲಿ ಬದುಕಿನ 43 ಒತ್ತಡದ ಘಟನೆಗಳನ್ನು ತೂಗಿದಾಗ ಅದಕ್ಕೆ ಹತ್ತನೆಯ ಸ್ಥಾನ ಕೊಟ್ಟಿದ್ದರು. ಹಿರಿಯರಲ್ಲಿ ಖಿನ್ನತೆ ‘ನನಗೆ ದುಃಖವಾಗಿದೆ’ ಎಂಬ ರೂಪದಲ್ಲೇ ಬರಬೇಕೆಂದಿಲ್ಲ. ಕಾರಣ ಸಿಗದ ಮೈಕೈ ನೋವು, ಹೊಟ್ಟೆಯ ತೊಂದರೆ, ನಸುಕಿಗೆ ಮೊದಲೇ ಎಚ್ಚರವಾಗುವುದು, ಇಷ್ಟದ ಹವ್ಯಾಸವೂ ಬೇಡವೆನಿಸುವುದು, ಸಿಡುಕು, ಇವೇ ಅದರ ಮುಖವಾಗಿರಬಹುದು. ಎರಡು ವಾರ ದಾಟಿಯೂ ಇವು ಮುಂದುವರಿದರೆ ವೈದ್ಯರಿಗೆ ತಿಳಿಸಿ. ‘ಇದ್ದು ಏನು ಪ್ರಯೋಜನ’ ಎಂಬಂಥ ಮಾತು ಬಂದರೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ನೆರವು ಪಡೆಯಿರಿ.

ಪ್ರಶ್ನೆ: ತಾಯಿಗೆ 74 ವರ್ಷ. ತಂದೆ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ, ನಮ್ಮ ಜೊತೆ ಬಂದಿರಲು ಒಪ್ಪುವುದಿಲ್ಲ. ದಿನವೂ ಫೋನ್ ಮಾಡುತ್ತೇನೆ, ಆದರೆ ಊಟ, ಮಾತ್ರೆ, ನಿದ್ದೆ ಇವಿಷ್ಟು ಕೇಳಿದ ಮೇಲೆ ಮಾತೇ ಮುಂದುವರಿಯುವುದಿಲ್ಲ. ಅವರ ಸ್ನೇಹಿತರ ಬಳಗವೂ ಕಿರಿದಾಗಿದೆ.

ಉತ್ತರ: ಒಬ್ಬರೇ ವಾಸಿಸುವುದು ಬೇರೆ, ಒಂಟಿತನ ಬೇರೆ. ತುಂಬಿದ ಮನೆಯಲ್ಲಿ ಒಂಟಿಯಾಗಿರುವವರಿದ್ದಾರೆ. ಒಬ್ಬರೇ ಇದ್ದು ನೆಮ್ಮದಿಯಾಗಿರುವವರೂ ಇದ್ದಾರೆ. ಬಳಗ ಕಿರಿದಾದದ್ದನ್ನೇ ಕೆಟ್ಟ ಲಕ್ಷಣವೆಂದು ಎಣಿಸಬೇಡಿ. ಮುಂದಿರುವ ಕಾಲ ಕಡಿಮೆ ಎಂದು ಅರಿತವರು ಪರಿಚಯದವರನ್ನು ಬಿಟ್ಟು ಹತ್ತಿರದವರನ್ನು ಉಳಿಸಿಕೊಳ್ಳುತ್ತಾರೆ, ಇದು ಬಹುಮಟ್ಟಿಗೆ ಅವರೇ ಮಾಡುವ ಆಯ್ಕೆ ಎಂದು ಮನಶ್ಶಾಸ್ತ್ರಜ್ಞೆ ಲಾರಾ ಕಾರ್ಸ್ಟೆನ್ಸನ್ ಹಲವು ವರ್ಷಗಳ ಅಧ್ಯಯನದಿಂದ ತೋರಿಸಿದ್ದಾರೆ. ಎಷ್ಟು ಜನ ಎಂಬುದನ್ನು ಬಿಟ್ಟು, ಉಳಿದಿರುವ ಆ ಇಬ್ಬರು ಮೂವರ ಜೊತೆ ಒಡನಾಟ ತಪ್ಪದೆ ನಡೆದಿದೆಯೇ ಎಂದು ನೋಡಿ. ಅವರಲ್ಲೊಬ್ಬರು ದೂರವಾದಾಗ ಅಥವಾ ತೀರಿಕೊಂಡಾಗ ನಿಮ್ಮ ಗಮನ ಹೆಚ್ಚಬೇಕು.

ನಿಮ್ಮ ಫೋನ್ ಕರೆ ತಪಾಸಣೆಯಂತಾಗಿದೆ ಎಂಬುದು ನನ್ನ ಅನಿಸಿಕೆ. ದಶಕಗಳ ಕಾಲ ಮನೆ, ದುಡಿಮೆ, ಮಕ್ಕಳನ್ನು ನಿಭಾಯಿಸಿದವರಿಗೆ ದಿನವೂ ‘ಮಾತ್ರೆ ತಗೊಂಡಿರಾ’ ಎಂದು ಕೇಳುವವರಷ್ಟೇ ಉಳಿದರೆ ಮಾತು ಎಲ್ಲಿಂದ ಬೆಳೆಯಬೇಕು? ಮಾತ್ರೆಯ ವಿಚಾರವನ್ನು ವಾರದಲ್ಲಿ ಒಂದೆರಡು ದಿನಕ್ಕೆ ಮೀಸಲಿಟ್ಟು, ಉಳಿದ ದಿನ ನಿಮ್ಮ ಕಷ್ಟವೊಂದನ್ನು ಅವರ ಮುಂದಿಡಿ: ಮಕ್ಕಳ ವಿಚಾರದಲ್ಲಿ, ಕೆಲಸದ ವಿಚಾರದಲ್ಲಿ ಅವರ ಸಲಹೆ ಕೇಳಿ, ಅದನ್ನು ಪಾಲಿಸಿದಿರೋ ಇಲ್ಲವೋ ಎಂಬುದನ್ನೂ ಆಮೇಲೆ ತಿಳಿಸಿ. ಸಲಹೆ ಕೇಳಿದಂತೆ ನಟಿಸಿದರೆ ಅವರಿಗೆ ಕೂಡಲೇ ಗೊತ್ತಾಗುತ್ತದೆ.

ಒಂಟಿ ವಾಸದಲ್ಲಿ ನಿಜವಾಗಿ ಅಂಜಬೇಕಾದದ್ದು ಬೀಳುವುದಕ್ಕೆ. ರಾತ್ರಿ ಹಾಸಿಗೆಯಿಂದ ಬಚ್ಚಲಿನವರೆಗೆ ಬೆಳಕು, ಬಚ್ಚಲಲ್ಲಿ ಹಿಡಿಕೆ, ಜಾರುವ ಚಾಪೆಗಳನ್ನು ತೆಗೆಯುವುದು, ಇವು ಒಂದು ದಿನದ ಕೆಲಸ. ಇವುಗಳ ಜೊತೆಗೆ, 65 ದಾಟಿದವರು ವಾರಕ್ಕೆ ಕನಿಷ್ಠ ಮೂರು ದಿನ ಸಮತೋಲನ ಮತ್ತು ಸ್ನಾಯುಬಲದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ನಡಿಗೆಯೊಂದೇ ಸಾಲದು.

ಪ್ರಶ್ನೆ: ನನಗೆ 69 ವರ್ಷ. ಕಳೆದ ವರ್ಷ ಶಸ್ತ್ರಚಿಕಿತ್ಸೆಯಾದಾಗ ಮಕ್ಕಳು ನನ್ನ ಬ್ಯಾಂಕ್ ಖಾತೆ, ಫೋನಿನ ಪಾಸ್‌ವರ್ಡ್, ಕಾರಿನ ಕೀಲಿ ಎಲ್ಲವನ್ನೂ ವಹಿಸಿಕೊಂಡರು. ಈಗ ಗುಣವಾಗಿದ್ದೇನೆ. ವಾಪಸ್ ಕೇಳಿದರೆ ‘ನಿಮಗೇಕೆ ಆ ತೊಂದರೆ’ ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಅದಕ್ಕೇ ಏನೂ ಹೇಳಲಾಗುತ್ತಿಲ್ಲ.

ಉತ್ತರ: ಪ್ರೀತಿಯಿಂದ ಕಸಿದುಕೊಂಡರೂ ಅದು ಕಸಿದುಕೊಂಡದ್ದೇ. ವಿಶ್ವಸಂಸ್ಥೆ 1991ರಲ್ಲಿ ಹಿರಿಯ ನಾಗರಿಕರಿಗಾಗಿ ಅಂಗೀಕರಿಸಿದ 18 ತತ್ವಗಳು ಐದು ಗುಂಪುಗಳಲ್ಲಿವೆ: ಸ್ವಾತಂತ್ರ್ಯ, ಭಾಗವಹಿಸುವಿಕೆ, ಆರೈಕೆ, ಆತ್ಮಸಾರ್ಥಕ್ಯ, ಘನತೆ. ಆರೈಕೆಗಿಂತ ಮೊದಲು ಸ್ವಾತಂತ್ರ್ಯ ಬಂದಿರುವುದನ್ನು ನಿಮ್ಮ ಮಕ್ಕಳು ಗಮನಿಸಬಹುದು.

ಎಲ್ಲವನ್ನೂ ಒಟ್ಟಿಗೆ ಕೇಳಬೇಡಿ, ಒಂದೊಂದಾಗಿ ಕೇಳಿ. ಬ್ಯಾಂಕ್ ಖಾತೆಯಿಂದ ಶುರುಮಾಡುವುದು ಒಳ್ಳೆಯದು. ವಂಚಕರ ಕರೆಗಳ ಭಯ ಅವರಿಗಿದ್ದರೆ ಅದು ನ್ಯಾಯವಾದದ್ದೇ. ದೊಡ್ಡ ಮೊತ್ತವನ್ನು ಯಾರಿಗೇ ಕಳಿಸುವ ಮೊದಲು ಒಂದು ದಿನ ತಡೆದು ಇನ್ನೊಬ್ಬರಿಗೆ ಹೇಳುವುದು ಎಂಬ ನಿಯಮವನ್ನು ನೀವಾಗಿಯೇ ಮುಂದಿಡಿ, ಆ ನಿಯಮ ಮಕ್ಕಳಿಗೂ ಅನ್ವಯಿಸಲಿ. ಕಾರಿನ ವಿಷಯದಲ್ಲಿ ವಾದಕ್ಕಿಂತ ಪರೀಕ್ಷೆ ಮೇಲು: ಕಣ್ಣಿನ ತಪಾಸಣೆ ಮಾಡಿಸಿ, ಈಗಿನ ಔಷಧಗಳೊಂದಿಗೆ ವಾಹನ ಓಡಿಸಬಹುದೇ ಎಂದು ವೈದ್ಯರನ್ನು ಕೇಳಿ, ಬೇಡವೆಂದರೆ ಒಪ್ಪಿಕೊಳ್ಳಿ. ಇದರ ಜೊತೆಗೆ, ಮುಂದೆ ನಿಜವಾಗಿಯೂ ನಿಮಗೆ ನಿರ್ಧರಿಸಲಾಗದ ಸ್ಥಿತಿ ಬಂದರೆ ಹಣದ ವಿಷಯವನ್ನು ಯಾರು ನೋಡಬೇಕು, ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ನಿಮ್ಮ ದೇಶದ ಕಾನೂನಿಗೆ ಅನುಗುಣವಾಗಿ ಈಗಲೇ ಬರೆದಿಡಿ. ಬರವಣಿಗೆಯಲ್ಲಿ ಎಲ್ಲವೂ ಸ್ಪಷ್ಟವಾಗಿದ್ದಾಗ ಮಕ್ಕಳ ಆತಂಕ ಅರ್ಧ ಇಳಿಯುತ್ತದೆ, ಇಂದಿನ ನಿಮ್ಮ ಅಧಿಕಾರವೂ ಉಳಿಯುತ್ತದೆ.

ಪ್ರಶ್ನೆ: ಅತ್ತೆಗೆ 77 ವರ್ಷ. ದಿನಕ್ಕೆ ಹತ್ತಕ್ಕೂ ಹೆಚ್ಚು ಮಾತ್ರೆ ನುಂಗುತ್ತಾರೆ. ಕೆಲವು ತಿಂಗಳಿಂದ ಮಂಕಾಗಿದ್ದಾರೆ, ಹೇಳಿದ್ದು ಮರೆಯುತ್ತಾರೆ. ಇದು ಡಿಮೆನ್ಶಿಯಾ ಇರಬಹುದೇ?

ಉತ್ತರ: ಇರಬಹುದು, ಆದರೆ ಅದಕ್ಕೆ ಮೊದಲು ನೋಡಬೇಕಾದ ಕಾರಣಗಳಿವೆ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ ಇವೆಲ್ಲ ಮರೆವನ್ನು ತರಬಲ್ಲವು, ಇವುಗಳಿಗೆ ಚಿಕಿತ್ಸೆಯೂ ಇದೆ. ನಿಮ್ಮ ಪತ್ರ ನೋಡಿದರೆ ಮಾತ್ರೆಗಳ ಮೇಲೆಯೇ ನನಗೆ ಹೆಚ್ಚು ಗುಮಾನಿ. ವಯಸ್ಸಾದಂತೆ ಮೂತ್ರಪಿಂಡ ಮತ್ತು ಯಕೃತ್ತಿನ ಕೆಲಸ ನಿಧಾನವಾಗುವುದರಿಂದ ಔಷಧ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಐವತ್ತರಲ್ಲಿ ಸರಿಯಾಗಿದ್ದ ಪ್ರಮಾಣ ಎಪ್ಪತ್ತೇಳರಲ್ಲಿ ಅತಿಯಾಗಬಹುದು. ಹಿರಿಯರಿಗೆ ಸಲ್ಲದ ಔಷಧಗಳ ಪಟ್ಟಿಯನ್ನು ಮಾರ್ಕ್ ಬೀರ್ಸ್ ಎಂಬ ವೈದ್ಯರು 1991ರಲ್ಲೇ ಸಿದ್ಧಪಡಿಸಿದರು, ಅದು ಇಂದಿಗೂ ಪರಿಷ್ಕರಣೆಗೊಳ್ಳುತ್ತಿದೆ. ಕೆಲವು ನಿದ್ರೆಮಾತ್ರೆಗಳು, ಚೀಟಿಯಿಲ್ಲದೆ ಸಿಗುವ ಹಳೆಯ ಬಗೆಯ ಅಲರ್ಜಿ ಮಾತ್ರೆಗಳು ಆ ಪಟ್ಟಿಯಲ್ಲಿವೆ.

ಮಂಕು ತಿಂಗಳುಗಳ ಬದಲು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಬಂದರೆ, ಹೊತ್ತಿಗೊಂದು ಬಗೆಯಾಗಿ ಏರಿಳಿದರೆ, ಅದು ಡಿಲೀರಿಯಂ, ಅಂದರೆ ಹಠಾತ್ತನೆ ಕವಿಯುವ ಮನಸ್ಸಿನ ಗೊಂದಲ, ಆಗಿರಬಹುದು. ಸೋಂಕು, ನಿರ್ಜಲೀಕರಣ ಅಥವಾ ಹೊಸ ಔಷಧ ಹೆಚ್ಚಾಗಿ ಅದರ ಹಿಂದಿರುತ್ತದೆ. ಆಗ ಮುಂದಿನ ವಾರದ ಭೇಟಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಕೆಲವನ್ನು ಹಠಾತ್ತನೆ ನಿಲ್ಲಿಸುವುದು ನುಂಗುವುದಕ್ಕಿಂತ ಅಪಾಯ. ಮನೆಯಲ್ಲಿರುವ ಎಲ್ಲ ಸ್ಟ್ರಿಪ್, ಬಾಟಲಿ, ಕಣ್ಣಿನ ಹನಿ, ಗಿಡಮೂಲಿಕೆಯ ಪುಡಿ, ಯಾರೋ ಒಳ್ಳೆಯದೆಂದು ಕೊಟ್ಟ ಟಾನಿಕ್, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಒಬ್ಬ ವೈದ್ಯರ ಮೇಜಿನ ಮೇಲೆ ಸುರಿಯಿರಿ. ಎದೆಯುರಿಗೆಂದು ಎಂದೋ ಎರಡು ವಾರಕ್ಕೆ ಬರೆದುಕೊಟ್ಟ ಮಾತ್ರೆ ಆರನೆಯ ವರ್ಷವೂ ನಡೆಯುತ್ತಿರುವುದು, ಇಬ್ಬರು ತಜ್ಞರು ಬೇರೆ ಬೇರೆ ಹೆಸರಿನಲ್ಲಿ ಒಂದೇ ಔಷಧವನ್ನು ಕೊಟ್ಟಿರುವುದು ಇಂಥ ಮೇಜಿನ ಮೇಲೆಯೇ ಬೆಳಕಿಗೆ ಬರುತ್ತದೆ. ಒಂದೊಂದನ್ನೂ ಎತ್ತಿ ತೋರಿಸಿ, ಇದು ಯಾವುದಕ್ಕೆ, ಈಗಲೂ ಬೇಕೇ, ಪ್ರಮಾಣ ತಗ್ಗಿಸಬಹುದೇ ಎಂದು ಕೇಳಿ. ಆ ಮಾತುಕತೆಯಲ್ಲಿ ಅತ್ತೆಯವರೂ ಕುಳಿತಿರಲಿ, ವೈದ್ಯರು ಪ್ರಶ್ನೆಗಳನ್ನು ಮೊದಲು ಅವರನ್ನೇ ಕೇಳಲಿ.