ಕೋಚಿಂಗ್ ಇಲ್ಲದೆ, ಕೆಲಸ ಮಾಡುತ್ತಲೇ ಸಿಸಿಎನ್‌ಎ ಪಾಸಾಗೋದು ಹೇಗೆ?

ನೀವು ಕೇಳಿದ್ದು ಇದು. ಬಿಸಿಎ ಮುಗಿದಿದೆ, ದಾವಣಗೆರೆಯ ಒಂದು ಕಂಪ್ಯೂಟರ್ ಸರ್ವಿಸ್ ಅಂಗಡಿಯಲ್ಲಿ ಎರಡು ವರ್ಷದಿಂದ ಕೆಲಸ. ನೆಟ್‌ವರ್ಕ್ ಕಡೆ ಹೋಗುವ ಆಸೆ. ಕೋಚಿಂಗ್‌ಗೆ ದುಡ್ಡಿಲ್ಲ, ದಿನಕ್ಕೆ ಎರಡು ಗಂಟೆ ಬಿಡುವು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ನೆಟ್‌ವರ್ಕ್ ಉಪಕರಣ ಮಾಡುವ ಸಿಸ್ಕೋ ಕಂಪನಿಯ ಸಿಸಿಎನ್‌ಎ ಅನ್ನೋ ಸರ್ಟಿಫಿಕೇಟ್ ಪರೀಕ್ಷೆಯನ್ನು ಮನೆಯಲ್ಲೇ ಓದಿ ಪಾಸು ಮಾಡಬಹುದಾ?

ಖಂಡಿತ ಮಾಡಬಹುದು. ನಾನೂ ಮನೆಯಲ್ಲೇ ಓದಿ ಪಾಸಾದೆ, ಆದರೆ ಎರಡನೇ ಸಲಕ್ಕೆ. ಮೊದಲ ಸಲ ಯಾಕೆ ಫೇಲಾದೆ ಅನ್ನೋದನ್ನೇ ಮೊದಲು ಹೇಳುತ್ತೇನೆ.

ಆಗ ನಾನು ಬೆಂಗಳೂರಿನಲ್ಲಿ ನೈಟ್ ಶಿಫ್ಟ್ ಸಪೋರ್ಟ್ ಕೆಲಸದಲ್ಲಿದ್ದೆ. ಒಂದು ಟ್ರೈನಿಂಗ್ ಸೆಂಟರಿಗೆ ಸೇರಿದೆ. ಕೊನೆಯ ವಾರ ಅವರು ಒಂದು ಪಿಡಿಎಫ್ ಕಳಿಸಿ 'ಇದನ್ನು ಬಾಯಿಪಾಠ ಮಾಡಿ, ಸಾಕು' ಅಂದರು. ಡಂಪ್ಸ್ ಅಂತಾರಲ್ಲ, ಪರೀಕ್ಷೆಯಿಂದ ಕದ್ದು ತಂದ ಪ್ರಶ್ನೋತ್ತರ, ಅದೇ. ಉತ್ತರಗಳೆಲ್ಲ ಬಾಯಿಗೆ ಬಂದವು, ವಿಷಯ ಮಾತ್ರ ತಲೆಗೆ ಹತ್ತಲಿಲ್ಲ. ಪರೀಕ್ಷೆಯಲ್ಲಿ ನಂಬರುಗಳು ಸ್ವಲ್ಪ ಬದಲಾಗಿದ್ದರೂ ನನಗೆ ಮುಂದೆ ಹೋಗಲು ಆಗುತ್ತಿರಲಿಲ್ಲ. ಫೀಸು ಹೋಯಿತು. ಅದಕ್ಕಿಂತ ಜಾಸ್ತಿ, ನನ್ನ ಮೇಲೆ ನನಗಿದ್ದ ನಂಬಿಕೆ ಹೋಯಿತು. ದಯವಿಟ್ಟು ಡಂಪ್ಸ್ ಹತ್ತಿರ ಹೋಗಬೇಡಿ. ಸಿಕ್ಕಿಬಿದ್ದರೆ ಸಿಸ್ಕೋ ಸರ್ಟಿಫಿಕೇಟನ್ನೇ ರದ್ದು ಮಾಡುತ್ತದೆ. ಸಿಕ್ಕಿಬೀಳದೆ ಪಾಸಾದರೂ ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಗೊತ್ತಾಗಿಬಿಡುತ್ತದೆ.

ಪರೀಕ್ಷೆಯ ವಿವರ ಬೇಗ ಹೇಳಿಬಿಡುತ್ತೇನೆ. ಕೋಡ್ 200-301. 2020ರ ಫೆಬ್ರವರಿಯಿಂದ ಒಂದೇ ಪರೀಕ್ಷೆ. 2024ರ ಆಗಸ್ಟ್‌ನಿಂದ ಅದರ 1.1 ಆವೃತ್ತಿ ನಡೆಯುತ್ತಿದೆ, ಹಾಗಾಗಿ ಹಳೆ ಪುಸ್ತಕ ಕೊಳ್ಳುವ ಮುಂಚೆ ನೋಡಿಕೊಳ್ಳಿ. ಸಮಯ ಎರಡು ಗಂಟೆ. ಫೀಸು 300 ಡಾಲರ್, ತೆರಿಗೆ ಬೇರೆ. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದರೆ ವಾಪಸ್ ಬರೋಕೆ ಆಗಲ್ಲ, ಇದು ನೆನಪಿರಲಿ. ಅಂಕಗಳಲ್ಲಿ ಐಪಿ ಕನೆಕ್ಟಿವಿಟಿಗೆ, ಅಂದರೆ ಒಂದು ನೆಟ್‌ವರ್ಕಿನಿಂದ ಇನ್ನೊಂದಕ್ಕೆ ದಾರಿ ಹುಡುಕುವ ರೂಟಿಂಗ್‌ಗೆ, 25 ಪರ್ಸೆಂಟ್. ಬೇಸಿಕ್ಸ್‌ಗೆ 20, ಸ್ವಿಚಿಂಗ್ ಮತ್ತು ವೈರ್‌ಲೆಸ್ ಇರುವ ಭಾಗಕ್ಕೆ 20. ಸೆಕ್ಯುರಿಟಿ 15. ಐಪಿ ಸರ್ವಿಸಸ್ ಮತ್ತು ಆಟೊಮೇಷನ್ ತಲಾ 10. ಆಟೊಮೇಷನ್ ಅಂದ ತಕ್ಷಣ ಹೆದರಬೇಡಿ, ಪ್ರೋಗ್ರಾಂ ಬರೆಯಿರಿ ಅಂತ ಕೇಳಲ್ಲ.

ಪರೀಕ್ಷೆಯ ವಿಷಯಗಳ ಪಟ್ಟಿಯನ್ನು ಸಿಸ್ಕೋ ಪುಕ್ಕಟೆ ಕೊಡುತ್ತದೆ. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ. ಅದರಲ್ಲಿ ಪ್ರತಿ ಸಾಲು ಯಾವ ಕ್ರಿಯಾಪದದಿಂದ ಶುರುವಾಗುತ್ತದೆ ನೋಡಿ. 'ಡಿಸ್ಕ್ರೈಬ್' ಅಂತ ಇದ್ದರೆ ಅರ್ಥ ಆಗಿದ್ದರೆ ಸಾಕು. 'ಕಾನ್ಫಿಗರ್ ಅಂಡ್ ವೆರಿಫೈ' ಅಂತ ಇದ್ದರೆ ಕೈಯಿಂದ ಮಾಡಿ ತೋರಿಸಲು ಬರಬೇಕು. ಓಎಸ್‌ಪಿಎಫ್ (ರೂಟರುಗಳು ತಮ್ಮತಮ್ಮಲ್ಲೇ ದಾರಿ ಹಂಚಿಕೊಳ್ಳುವ ವಿಧಾನ) ಮುಂದೆ ಕಾನ್ಫಿಗರ್ ಅಂತ ಇದೆ, ಗೇಟ್‌ವೇ ರಿಡಂಡೆನ್ಸಿ (ಒಂದು ರೂಟರ್ ಕೆಟ್ಟರೆ ಇನ್ನೊಂದು ನಿಲ್ಲುವ ವ್ಯವಸ್ಥೆ) ಮುಂದೆ ಡಿಸ್ಕ್ರೈಬ್ ಅಂತ ಇದೆ. ನಾನು ಇದನ್ನು ಗಮನಿಸದೆ, ಬರೀ ಅರ್ಥ ಮಾಡಿಕೊಂಡರೆ ಸಾಕಿದ್ದ ವಿಷಯಕ್ಕೆ ಎರಡು ವಾರ ಕಳೆದಿದ್ದೆ.

ಈಗ ಮುಖ್ಯವಾದ ಮಾತು. ಸಿಸಿಎನ್‌ಎ ನೂರು ವಿಷಯದ ಪರೀಕ್ಷೆ ಥರ ಕಾಣುತ್ತದೆ, ಆದರೆ ಮುಕ್ಕಾಲು ಪಾಲು ಒಂದೇ ಪ್ಯಾಕೆಟ್‌ನ, ಅಂದರೆ ನೆಟ್‌ವರ್ಕ್ ಮೇಲೆ ಹೋಗುವ ಡೇಟಾದ ಒಂದು ತುಂಡಿನ, ಪ್ರಯಾಣದ ಕಥೆ. ಆ ಕಥೆಯನ್ನು ನೀವು ಕನ್ನಡದಲ್ಲಿ, ಜೋರಾಗಿ, ಯಾರಿಗಾದರೂ ಹೇಳಲು ಬಂದರೆ ಉಳಿದಿದ್ದೆಲ್ಲ ಅದಕ್ಕೆ ಅಂಟಿಕೊಳ್ಳುತ್ತದೆ.

ಕಂಪ್ಯೂಟರಿನಲ್ಲೇ ನೆಟ್‌ವರ್ಕ್ ಕಟ್ಟಿ ನೋಡುವ ಸಾಫ್ಟ್‌ವೇರ್, ಪ್ಯಾಕೆಟ್ ಟ್ರೇಸರ್, ಹಾಕಿಕೊಳ್ಳಿ. ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹೆಸರು ನೋಂದಾಯಿಸಿದರೆ ಪುಕ್ಕಟೆ ಸಿಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೆ ಸ್ವಿಚ್ ಹುಡುಕುವ ಅಗತ್ಯ ಇಲ್ಲ. ಎರಡು ರೂಟರ್, ಎರಡು ಸ್ವಿಚ್, ನಾಲ್ಕು ಪಿಸಿ ಇಟ್ಟು ಜೋಡಿಸಿ, ಐಪಿ ಅಡ್ರೆಸ್ ಕೊಡಿ. ಈಗ ಒಂದು ರೂಟರಿನಿಂದ ಆಚೆ ರೂಟರಿಗೆ ಪಿಂಗ್ ಮಾಡಿ, ಅಂದರೆ ಐದು ಪುಟ್ಟ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತಾ ಅಂತ ನೋಡಿ. ಪರದೆ ಮೇಲೆ ಮೊದಲು ಒಂದು ಚುಕ್ಕೆ ಬರುತ್ತದೆ, ಅಂದರೆ ಉತ್ತರ ಬರಲಿಲ್ಲ, ಆಮೇಲೆ ನಾಲ್ಕು ಆಶ್ಚರ್ಯಸೂಚಕ ಚಿಹ್ನೆ, ಅಂದರೆ ಉತ್ತರ ಬಂತು. ಸಕ್ಸೆಸ್ ರೇಟ್ 80 ಪರ್ಸೆಂಟ್. ತಕ್ಷಣ ಇನ್ನೊಂದು ಸಲ ಮಾಡಿ. ಈ ಸಲ ಐದಕ್ಕೆ ಐದೂ ಹೋಗುತ್ತವೆ.

ಆ ಮೊದಲ ಚುಕ್ಕೆ ಯಾಕೆ ಬಂತು? ರೂಟರಿಗೆ ಆಚೆಯವನ ಐಪಿ ಗೊತ್ತು, ಮ್ಯಾಕ್ ಅಡ್ರೆಸ್, ಅಂದರೆ ಆ ಉಪಕರಣದ ಹಾರ್ಡ್‌ವೇರ್ ವಿಳಾಸ, ಗೊತ್ತಿಲ್ಲ. ಅದಕ್ಕೆ ಬೀದಿಯಲ್ಲಿ ನಿಂತು ಕೂಗುತ್ತದೆ: 'ಈ ಐಪಿ ಯಾರದ್ದು, ನಿಮ್ಮ ಮ್ಯಾಕ್ ಹೇಳಿ.' ಆ ಕೂಗೇ ಆರ್ಪ್ (ARP). ಉತ್ತರ ಬರುವಷ್ಟರಲ್ಲಿ ಮೊದಲ ಪ್ಯಾಕೆಟ್ ಬಿದ್ದುಹೋಗಿರುತ್ತದೆ. ಒಮ್ಮೆ ಉತ್ತರ ಸಿಕ್ಕರೆ ಸಿಸ್ಕೋ ರೂಟರ್ ಅದನ್ನು ನಾಲ್ಕು ಗಂಟೆ ನೆನಪಿಟ್ಟುಕೊಳ್ಳುತ್ತದೆ. ಈ ಒಂದು ಚುಕ್ಕೆಯ ಹಿಂದೆ ಹೋಗಿಯೇ ನನಗೆ ಲೇಯರ್ 2 (ಮ್ಯಾಕ್ ನಡೆಯುವ ಹಂತ) ಮತ್ತು ಲೇಯರ್ 3 (ಐಪಿ ನಡೆಯುವ ಹಂತ) ಬೇರೆ ಬೇರೆ ಯಾಕೆ ಅನ್ನೋದು ಅರ್ಥವಾಯಿತು.

ಆಮೇಲೆ ಸಿಮ್ಯುಲೇಷನ್ ಮೋಡ್‌ಗೆ ಹೋಗಿ. ಪ್ಯಾಕೆಟ್ ಪುಟ್ಟ ಲಕೋಟೆಯ ಹಾಗೆ ಕೇಬಲ್ ಮೇಲೆ ಸಾಗುತ್ತದೆ. ಪ್ರತಿ ನಿಲ್ದಾಣದಲ್ಲೂ ನಿಲ್ಲಿಸಿ, ಕ್ಲಿಕ್ ಮಾಡಿ, ಒಳಗೆ ಏನಿದೆ ಅಂತ ನೋಡಿ. ಪಿಸಿ ಮೊದಲು ಕೇಳಿಕೊಳ್ಳುವ ಪ್ರಶ್ನೆ, 'ಹೋಗಬೇಕಾದ ಜಾಗ ನಮ್ಮೂರೋ ಬೇರೆ ಊರೋ?' ಬೇರೆ ಊರಾದರೆ ಡಿಫಾಲ್ಟ್ ಗೇಟ್‌ವೇಗೆ ಕೊಡುತ್ತದೆ. ಹಳ್ಳಿಗೆ ಅಗಸೆ ಬಾಗಿಲು ಇದ್ದ ಹಾಗೆ ಅದು, ಹೊರಗೆ ಹೋಗುವವರೆಲ್ಲ ಅಲ್ಲಿಂದಲೇ ಹೋಗಬೇಕು. ಪ್ರತಿ ರೂಟರಿನಲ್ಲೂ ಮ್ಯಾಕ್ ಬದಲಾಗುತ್ತದೆ, ನ್ಯಾಟ್ (ದಾರಿಯಲ್ಲಿ ಐಪಿ ಬದಲಿಸುವ ವ್ಯವಸ್ಥೆ) ಇಲ್ಲದಿದ್ದರೆ ಐಪಿ ಕೊನೆವರೆಗೂ ಹಾಗೇ ಇರುತ್ತದೆ. ಇದನ್ನು ಕಣ್ಣಾರೆ ನೋಡಿ.

ರೂಟಿಂಗ್‌ನಲ್ಲಿ ನಾನು ಎಡವಿದ್ದು ಒಂದೇ ಕಡೆ. ರೂಟರಿನ ದಾರಿಗಳ ಟೇಬಲ್‌ನಲ್ಲಿ 10.1.0.0/16ಕ್ಕೆ ಸ್ಟ್ಯಾಟಿಕ್ ರೂಟ್ (ನಾವೇ ಕೈಯಿಂದ ಬರೆದ ದಾರಿ) ಇದೆ, 10.1.1.0/24ಕ್ಕೆ ಓಎಸ್‌ಪಿಎಫ್ ರೂಟ್ ಇದೆ ಅಂದುಕೊಳ್ಳಿ. /16, /24 ಅಂದರೆ ವಿಳಾಸದಲ್ಲಿ ಮೊದಲ ಎಷ್ಟು ಬಿಟ್ ನೆಟ್‌ವರ್ಕಿನದು ಅಂತ, ಅದನ್ನೇ ಮಾಸ್ಕ್ ಅಂತಾರೆ. ಪ್ಯಾಕೆಟ್ 10.1.1.25ಕ್ಕೆ ಹೋಗಬೇಕು. ದಾರಿ ಹೇಳಿದವರನ್ನು ಎಷ್ಟು ನಂಬಬಹುದು ಅನ್ನೋ ಅಂಕಿ ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್; ಸ್ಟ್ಯಾಟಿಕ್‌ನದು 1, ಓಎಸ್‌ಪಿಎಫ್‌ನದು 110. ಕಡಿಮೆ ಇರುವುದು ಗೆಲ್ಲುತ್ತದೆ, ಹಾಗಾಗಿ ಸ್ಟ್ಯಾಟಿಕ್ ಅಂತ ನಾನು ತಿಳಿದಿದ್ದೆ. ತಪ್ಪು. ಗೆಲ್ಲುವುದು /24. ಡಿಸ್ಟೆನ್ಸ್ ನೋಡುವುದು ಎರಡೂ ರೂಟು ಒಂದೇ ನೆಟ್‌ವರ್ಕ್, ಒಂದೇ ಮಾಸ್ಕ್ ಆಗಿದ್ದಾಗ ಮಾತ್ರ. 'ದಾವಣಗೆರೆ' ಅಂತ ಹೇಳಿದವರಿಗಿಂತ 'ದಾವಣಗೆರೆ, ವಿದ್ಯಾನಗರ, ಮೂರನೇ ಕ್ರಾಸ್' ಅಂತ ಹೇಳಿದವರ ಮಾತು ಕೇಳಿ ತಾನೇ ನಾವು ಮನೆ ಹುಡುಕೋದು?

ಸಬ್‌ನೆಟ್ಟಿಂಗ್‌ಗೆ, ಅಂದರೆ ನೆಟ್‌ವರ್ಕನ್ನು ಚಿಕ್ಕ ಭಾಗಗಳಾಗಿ ಹಂಚುವ ಲೆಕ್ಕಕ್ಕೆ, ದಿನಾ ಹದಿನೈದು ನಿಮಿಷ ಎತ್ತಿಡಿ, ಒಂದು ದಿನವೂ ಬಿಡಬೇಡಿ. 128, 192, 224, 240, 248, 252, 254, 255. ಚಿಕ್ಕಂದಿನಲ್ಲಿ ಮಗ್ಗಿ ಹೇಳಿದ ಹಾಗೆ ಹೇಳಿಕೊಳ್ಳಿ. 192.168.10.77/27 ಕೊಟ್ಟರೆ, /27 ಅಂದರೆ ಮಾಸ್ಕ್‌ನ ಕೊನೆಯ ಸಂಖ್ಯೆ 224. 256ರಲ್ಲಿ 224 ಕಳೆದರೆ 32. ಈಗ 32ರ ಮಗ್ಗಿ: 0, 32, 64, 96. 77 ಇರೋದು 64 ಮತ್ತು 96ರ ನಡುವೆ. ಹಾಗಾದರೆ ನೆಟ್‌ವರ್ಕ್ 64, ಬ್ರಾಡ್‌ಕಾಸ್ಟ್ (ಎಲ್ಲರಿಗೂ ಒಟ್ಟಿಗೆ ಕಳಿಸುವ ಅಡ್ರೆಸ್) 95, ಮಧ್ಯದ 30 ಅಡ್ರೆಸ್ ಮಷೀನುಗಳಿಗೆ. ಇದು ಅರ್ಧ ನಿಮಿಷದಲ್ಲಿ ಬರುವವರೆಗೆ ಪರೀಕ್ಷೆ ಬುಕ್ ಮಾಡಬೇಡಿ.

ಎರಡನೇ ಸಲ ನನ್ನನ್ನು ಪಾಸು ಮಾಡಿಸಿದ್ದು ಒಂದು ಸ್ಟೀಲ್ ಡಬ್ಬಿ. ಹತ್ತು ಚೀಟಿ ಬರೆದು ಅದರಲ್ಲಿ ಹಾಕಿದ್ದೆ. ಒಂದೊಂದರಲ್ಲೂ ನೆಟ್‌ವರ್ಕ್ ಕೆಡಿಸುವ ಒಂದು ಕಮ್ಯಾಂಡ್: ಇಂಟರ್‌ಫೇಸ್ ಶಟ್‌ಡೌನ್, ಟ್ರಂಕ್‌ನಲ್ಲಿ (ಸ್ವಿಚ್‌ಗಳ ನಡುವೆ ಹಲವು ವಿಲ್ಯಾನ್, ಅಂದರೆ ಒಳ ನೆಟ್‌ವರ್ಕುಗಳನ್ನು, ಒಯ್ಯುವ ಲಿಂಕ್) ನೇಟಿವ್ ವಿಲ್ಯಾನ್ ಬದಲಾವಣೆ, ಎಸಿಎಲ್‌ನ (ಯಾರನ್ನು ಬಿಡಬೇಕು, ತಡೆಯಬೇಕು ಅನ್ನೋ ಪಟ್ಟಿ) ಕೊನೆಯ ಪರ್ಮಿಟ್ ಸಾಲು ತೆಗೆಯುವುದು, ಹೀಗೆ. ನನ್ನ ತಮ್ಮನಿಗೆ ನೆಟ್‌ವರ್ಕ್ ಏನೂ ಗೊತ್ತಿಲ್ಲ. ಅವನು ಒಂದು ಚೀಟಿ ಎತ್ತಿ ಅದರಲ್ಲಿದ್ದದ್ದನ್ನು ಟೈಪ್ ಮಾಡುತ್ತಿದ್ದ, ನಾನು ಹೊರಗೆ ನಿಂತಿರುತ್ತಿದ್ದೆ. ಆಮೇಲೆ ಒಳಗೆ ಬಂದು ತಪ್ಪು ಹುಡುಕಬೇಕು.

ಒಂದು ರಾತ್ರಿ ಪಿಂಗ್ ಪಕ್ಕದ ರೂಟರಿನವರೆಗೆ ಸರಿಯಾಗಿ ಹೋಗುತ್ತಿತ್ತು, ಆದರೆ ಓಎಸ್‌ಪಿಎಫ್ ನೆರೆಹೊರೆ ಕೂಡುತ್ತಲೇ ಇರಲಿಲ್ಲ, ಅಂದರೆ ಎರಡು ರೂಟರ್ ದಾರಿ ಹಂಚಿಕೊಳ್ಳಲು ಒಪ್ಪುತ್ತಿರಲಿಲ್ಲ. ಕೇಬಲ್ ನೋಡಿದೆ, ಮಾಸ್ಕ್ ನೋಡಿದೆ, ಏರಿಯಾ (ಓಎಸ್‌ಪಿಎಫ್‌ನ ಗುಂಪಿನ ನಂಬರು) ನೋಡಿದೆ. ಎಲ್ಲ ಸರಿ ಇತ್ತು. ಒಂದೂವರೆ ಗಂಟೆ ಆಯಿತು. ಕೊನೆಗೆ 'ಶೋ ಐಪಿ ಓಎಸ್‌ಪಿಎಫ್ ಇಂಟರ್‌ಫೇಸ್' ಹೊಡೆದು ಎರಡೂ ಕಡೆಯ ಸಾಲು ಪಕ್ಕಪಕ್ಕ ಇಟ್ಟು ಓದಿದೆ. ಒಂದು ಕಡೆ ಹೆಲೊ 10, ಡೆಡ್ 40. ಇನ್ನೊಂದು ಕಡೆ ಹೆಲೊ 5, ಡೆಡ್ 20. ಹೆಲೊ ಅಂದರೆ ಎಷ್ಟು ಸೆಕೆಂಡಿಗೊಮ್ಮೆ 'ಇದ್ದೀನಿ' ಅಂತ ಹೇಳಬೇಕು, ಡೆಡ್ ಅಂದರೆ ಎಷ್ಟು ಸೆಕೆಂಡು ಸದ್ದಿಲ್ಲದಿದ್ದರೆ ಸತ್ತ ಅಂತ ತಿಳಿಯಬೇಕು; ಎರಡೂ ಕಡೆ ಇವು ಒಂದೇ ಇರಬೇಕು. ಚೀಟಿ ಬರೆದವನು ನಾನೇ, ಆದರೂ ಹುಡುಕಲು ಅಷ್ಟು ಹೊತ್ತು ಬೇಕಾಯಿತು. ಆದರೆ ಆ ಪಾಠ ಇವತ್ತಿಗೂ ಮರೆತಿಲ್ಲ. ಈಗ ಕೆಲಸದಲ್ಲಿ ಲಿಂಕ್ ಬಿದ್ದರೆ ನಾನು ಮಾಡುವುದು ಅದನ್ನೇ, ಎರಡೂ ಕಡೆಯದನ್ನು ಪಕ್ಕಪಕ್ಕ ಇಟ್ಟು ಓದುತ್ತೇನೆ.

ಇಂಗ್ಲಿಷ್ ಬಗ್ಗೆ. ನಾನೂ ಕನ್ನಡ ಮೀಡಿಯಂನವನೇ. ವಿಷಯವನ್ನು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ, ಅಮ್ಮನಿಗೆ ಆರ್ಪ್ ವಿವರಿಸಿ. ಪ್ರಶ್ನೆ ಮಾತ್ರ ಇಂಗ್ಲಿಷಿನಲ್ಲಿ ಓದಿ ಅಭ್ಯಾಸ ಮಾಡಿ. ಪ್ರಶ್ನೆಯ ಭಾಷೆ ಕಷ್ಟವಲ್ಲ, ಉದ್ದ ಇರುತ್ತದೆ ಅಷ್ಟೇ. ಕೊನೆಯ ಸಾಲನ್ನು ಮೊದಲು ಓದಿ, ಎಷ್ಟು ಉತ್ತರ ಆರಿಸಬೇಕು ಅಂತ ನೋಡಿಕೊಳ್ಳಿ. ನಿಮಗೆ ಇನ್ನೊಂದು ಅನುಕೂಲ ಇದೆ. ದಿನಾ ಕೇಬಲ್ ಕ್ರಿಂಪ್ ಮಾಡುವವರು ನೀವು, ಅಂಗಡಿಗೆ ಬರುವ ರೂಟರ್ ಬಿಚ್ಚಿ ನೋಡುವವರು. ಬರೀ ವಿಡಿಯೊ ನೋಡಿ ಕಲಿತವರಿಗೆ ಆ ಕೈ ಅನುಭವ ಇರಲ್ಲ.

ದಿನಕ್ಕೆ ಎರಡು ಗಂಟೆ ಅಂದರೆ ಐದಾರು ತಿಂಗಳು ಇಟ್ಟುಕೊಳ್ಳಿ. ಅರ್ಧ ಗಂಟೆ ಓದು, ಉಳಿದಿದ್ದು ಪ್ರಾಕ್ಟೀಸ್. ಪರೀಕ್ಷೆ ಬುಕ್ ಮಾಡುವುದು ಪಿಯರ್ಸನ್ ವಿಯುಇ ಸೈಟಿನಲ್ಲಿ. ಮನೆಯಿಂದಲೂ ಬರೆಯಬಹುದು, ಆದರೆ ಕರೆಂಟು, ಇಂಟರ್ನೆಟ್ ನಂಬಿ ಕೂರೋದು ಬೇಡ, ಸೆಂಟರಿಗೇ ಹೋಗಿ. ಐಡಿ ಕಾರ್ಡಿನಲ್ಲಿರುವ ಹೆಸರು, ಬುಕ್ ಮಾಡಿದ ಹೆಸರು ಎರಡೂ ಒಂದೇ ಇರಲಿ, ಇನಿಷಿಯಲ್ ಸಮೇತ. ಅಕಸ್ಮಾತ್ ಆಗಲಿಲ್ಲ ಅಂದರೆ ಐದು ದಿನ ಬಿಟ್ಟು ಮತ್ತೆ ಬರೆಯಬಹುದು, ಫೀಸು ಮತ್ತೆ ಪೂರ್ತಿ ಕಟ್ಟಬೇಕು. ಪಾಸಾದರೆ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ.

ಇವತ್ತು ರಾತ್ರಿ ಅಂಗಡಿಯಿಂದ ಬಂದ ಮೇಲೆ ಇದೊಂದು ಮಾಡಿ: 10.20.53.200/22. ನೆಟ್‌ವರ್ಕ್ ಯಾವುದು, ಬ್ರಾಡ್‌ಕಾಸ್ಟ್ ಯಾವುದು? ಈ ಸಲ ಮಗ್ಗಿ ಮೂರನೇ ಸಂಖ್ಯೆಯಲ್ಲಿ ನಡೆಯುತ್ತದೆ. ಉತ್ತರ ಬರೆದು ಕಳಿಸಿ, ನೋಡಿ ಹೇಳುತ್ತೇನೆ.