ಓದುಗರ ಪ್ರಶ್ನೆ: ಗಲಾಟೆ ಇಲ್ಲದ ಕಡೆ ದೋಣಿ, ಟೆಂಟು, ನಡಿಗೆ

ಪ್ರಶ್ನೆ: ಮೇಡಂ, ನಾವು ಹಾಸನದವರು. ಏಪ್ರಿಲ್ ರಜೆಯಲ್ಲಿ ಎರಡು ರಾತ್ರಿ ಎಲ್ಲಾದರೂ ಹೋಗಬೇಕು ಅಂತಿದೆ. ಮಗನಿಗೆ ಹನ್ನೆರಡು, ಮಗಳಿಗೆ ಒಂಬತ್ತು. ಜೊತೆಗೆ ಅತ್ತೆ ಬರುತ್ತಾರೆ, ಅವರಿಗೆ ಮಂಡಿನೋವು. ಮಕ್ಕಳಿಗೆ ಕಯಾಕ್ ನಡೆಸುವ ಆಸೆ, ಟೆಂಟಿನಲ್ಲಿ ಮಲಗುವ ಆಸೆ. ಹೋದ ಸಲ ಮುಳ್ಳಯ್ಯನಗಿರಿಗೆ ಹೋಗಿ ಕಾರುಗಳ ಸಾಲಿನಲ್ಲೇ ಕೂತು ವಾಪಸ್ ಬಂದೆವು. ಶಾಂತವಾದ ಜಾಗ ಹೇಳಿ.
(ಓದುಗರೊಬ್ಬರು, ಹಾಸನ)

ಉತ್ತರ: ತರೀಕೆರೆ ಕಡೆ, ಭದ್ರಾ ಡ್ಯಾಮಿನ ಪಕ್ಕದ ಲಕ್ಕವಳ್ಳಿಗೆ ಹೋಗಿ. ನಾನು ಬೆಳೆದದ್ದು ತರೀಕೆರೆಯಲ್ಲಿ. ಭದ್ರಾ ಹಿನ್ನೀರನ್ನು ಎಲ್ಲ ಕಾಲದಲ್ಲೂ ನೋಡಿದ್ದೇನೆ. ನೀವು ಕೇಳಿದ ಏಪ್ರಿಲ್ ತಿಂಗಳೇ ಅಲ್ಲಿ ನನಗೆ ಹೆಚ್ಚು ಇಷ್ಟ.

ಯಾಕೆ ಅಂದರೆ, ಬೇಸಿಗೆಯಲ್ಲಿ ಡ್ಯಾಮಿನ ನೀರು ಇಳಿಯುತ್ತದೆ. ಮಳೆಗಾಲದಲ್ಲಿ ಮುಳುಗಿದ್ದ ನಡುಗಡ್ಡೆಗಳು ಮೇಲೆ ಬರುತ್ತವೆ. ರಿವರ್ ಟರ್ನ್ ಅನ್ನುವ ಹಳದಿ ಕೊಕ್ಕಿನ, ಕಪ್ಪು ನೆತ್ತಿಯ ಹಕ್ಕಿಗಳು ಅಲ್ಲಿಗೆ ಗುಂಪಾಗಿ ಬಂದು ಮೊಟ್ಟೆ ಇಡುತ್ತವೆ. ಅವು ಕಡ್ಡಿ ತಂದು ಗೂಡು ಕಟ್ಟುವುದಿಲ್ಲ. ಬರೀ ನೆಲದ ಮೇಲೆ, ಕಲ್ಲಿನ ನಡುವೆ ಇಡುತ್ತವೆ. ಮೊಟ್ಟೆಯ ಬಣ್ಣವೂ ಕಲ್ಲಿನದೇ. ದೋಣಿ ತೀರಾ ಹತ್ತಿರ ಹೋದರೆ ತಾಯಿ ಹಕ್ಕಿ ಎದ್ದು ಹಾರುತ್ತದೆ, ಮೊಟ್ಟೆ ಸುಡುವ ಬಿಸಿಲಿಗೆ ಬೀಳುತ್ತದೆ. ಹಾಗಾಗಿ ದೋಣಿಯವರಿಗೆ ‘ಇನ್ನೂ ಸ್ವಲ್ಪ ಹತ್ತಿರ ಹೋಗಿ’ ಅಂತ ದಯವಿಟ್ಟು ಹೇಳಬೇಡಿ. ಒಂದು ಬೈನಾಕ್ಯುಲರ್ ತೆಗೆದುಕೊಂಡು ಹೋಗಿ, ಮಕ್ಕಳು ಅದನ್ನು ಕೈಬಿಡುವುದಿಲ್ಲ. ಸಂಜೆ ಹೊತ್ತು ಆನೆಗಳು ಹಸಿರು ಹುಲ್ಲಿಗೆ, ನೀರಿಗೆ ದಡಕ್ಕೆ ಇಳಿಯುವುದೂ ಇದೇ ಕಾಲದಲ್ಲಿ.

ಉಳಿಯುವುದಕ್ಕೆ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನವರ ವಸತಿ ನೀರಿನ ಪಕ್ಕದಲ್ಲೇ ಇದೆ. ಅದಕ್ಕೂ ಆ ಹಕ್ಕಿಯ ಹೆಸರೇ. ಕಯಾಕ್ ಬಿಡುವುದು ನೀರಿನ ಮಟ್ಟ, ಗಾಳಿ ನೋಡಿಕೊಂಡು. ಹಾಗಾಗಿ ಬುಕ್ ಮಾಡುವಾಗಲೇ ವಿಚಾರಿಸಿ. ಅತ್ತೆಯವರ ಮಂಡಿನೋವಿನ ವಿಷಯವನ್ನೂ ಆಗಲೇ ಹೇಳಿ, ಮೆಟ್ಟಿಲು ಕಡಿಮೆ ಇರುವ ಕಾಟೇಜ್ ಕೇಳಿಕೊಳ್ಳಿ. ಬಸ್ಸಾದರೂ ಆಯಿತು, ಅರಸೀಕೆರೆಯಲ್ಲಿ ಶಿವಮೊಗ್ಗದ ರೈಲು ಹತ್ತಿ ತರೀಕೆರೆಯಲ್ಲಿ ಇಳಿದರೂ ಆಯಿತು. ಮಕ್ಕಳಿಗೆ ರೈಲೇ ಚೆಂದ, ಅಲ್ವಾ?

ಕಯಾಕ್‌ಗೆ ಬೆಳಗ್ಗೆ ಬೇಗ ಹೋಗಿ. ಬಿಸಿಲೇರಿದ ಮೇಲೆ ಗಾಳಿ ಎದ್ದರೆ ಅಷ್ಟು ದೊಡ್ಡ ನೀರಿನಲ್ಲಿ ಅಲೆ ಏಳುತ್ತದೆ, ವಾಪಸ್ ಬರುವಾಗ ತೋಳು ಸೋಲುತ್ತದೆ. ಇಬ್ಬರು ಕೂರುವ ಕಯಾಕಿನಲ್ಲಿ ಮಗು ಮುಂದೆ, ದೊಡ್ಡವರು ಹಿಂದೆ. ಹುಟ್ಟು ಬಲಗಡೆ ಹಾಕಿದರೆ ದೋಣಿ ಎಡಕ್ಕೆ ತಿರುಗುತ್ತದೆ, ಎಡಗಡೆ ಹಾಕಿದರೆ ಬಲಕ್ಕೆ. ಇದನ್ನು ದಡದಲ್ಲೇ ಹೇಳಿಕೊಡಿ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿಯೇ ತಳ್ಳಿಕೊಂಡು ಬರುತ್ತದೆ. ಅತ್ತೆಯವರಿಗೆ ಸಫಾರಿ ದೋಣಿ ಸಾಕು, ಅದರಲ್ಲಿ ಆರಾಮವಾಗಿ ಕೂರಬಹುದು.

ನಡಿಗೆಗೆ ಏಪ್ರಿಲ್‌ನಲ್ಲಿ ಕಾಡಿನ ಒಳಗೆ ಹೋಗುವುದು ಬೇಡ ಅಂತ ನನ್ನ ಸಲಹೆ. ಬಿಸಿಲು ಒಂದು ಕಾರಣ. ಇನ್ನೊಂದು, ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಕಂಡದ್ದು ಈಗ ಚಿಕ್ಕಮಗಳೂರು ಜಿಲ್ಲೆಯಲ್ಲೂ ಇದೆ. ಉಣುಗು ಕಚ್ಚಿ ಬರುವ ಜ್ವರ ಇದು. ಬೇಸಿಗೆಯಲ್ಲೇ ಜಾಸ್ತಿ. ತರಗೆಲೆಯ ಮೇಲೆ ಮಕ್ಕಳನ್ನು ಕೂರಿಸಬೇಡಿ, ಉದ್ದ ತೋಳಿನ ಅಂಗಿ ಹಾಕಿಸಿ, ರೂಮಿಗೆ ಬಂದ ತಕ್ಷಣ ಬಿಸಿನೀರಿನ ಸ್ನಾನ ಮಾಡಿಸಿ. ಊರಿಗೆ ಬಂದ ಮೇಲೆ ಯಾರಿಗಾದರೂ ಜ್ವರ ಬಂದರೆ, ಮಲೆನಾಡಿನ ಕಾಡಿನ ಕಡೆ ಹೋಗಿದ್ದೆವು ಅಂತ ಡಾಕ್ಟರಿಗೆ ಮೊದಲೇ ಹೇಳಿ.

ಅದರ ಬದಲು ತರೀಕೆರೆ ಹತ್ತಿರದ ಅಮೃತಾಪುರಕ್ಕೆ ಒಂದು ಸಂಜೆ ಹೋಗಿ. 1196ರ ಹೊಯ್ಸಳ ದೇವಸ್ಥಾನ. ಬೇಲೂರಿನ ಜನಜಂಗುಳಿ ಇಲ್ಲಿ ಇರುವುದಿಲ್ಲ. ಸಮತಟ್ಟಾದ ಅಂಗಳ, ಅತ್ತೆಯವರು ನಿಧಾನವಾಗಿ ಒಂದು ಸುತ್ತು ಬರಬಹುದು. ಮಂಟಪದ ಹೊರಗೋಡೆಯ ಮೇಲೆ ರಾಮಾಯಣ, ಮಹಾಭಾರತದ ಕಥೆ ಸಾಲಾಗಿ ಕೆತ್ತಿದ್ದಾರೆ. ಮೊಮ್ಮಕ್ಕಳಿಗೆ ಅವರೇ ಬೊಟ್ಟು ಮಾಡಿ ಕಥೆ ಹೇಳಲಿ. ತಂಪು ಬೇಕಾದರೆ ಕೆಮ್ಮಣ್ಣುಗುಂಡಿಯ ತೋಟ ಇದೆ, ಆದರೆ ವಾರದ ಕೊನೆಯಲ್ಲಿ ಬೇಡ.

ಇನ್ನು ಟೆಂಟು. ಭದ್ರಾ ಕಾಡು ಹುಲಿ ಮೀಸಲು, ಅದರ ಒಳಗೆ ಸ್ವಂತ ಟೆಂಟ್ ಹಾಕುವ ಹಾಗಿಲ್ಲ. ಮಕ್ಕಳಿಗೆ ಡಿಸೆಂಬರ್‌ವರೆಗೆ ಕಾಯಲು ಹೇಳಿ. ಆಗ ಕಾಫಿ ಹಣ್ಣಾಗುವ ಕಾಲ. ಕಾಫಿ ತೋಟದಲ್ಲಿ ಮನೆಯವರೇ ವಾಸವಿರುವ ಹೋಮ್‌ಸ್ಟೇ ನೋಡಿ, ಆನೆ ಓಡಾಟ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಅಂಗಳದಲ್ಲೇ ಟೆಂಟ್ ಹಾಕಿಸಿ. ಕಾಡಿನ ಮಧ್ಯೆ ಮಲಗಲೇಬೇಕು ಅನ್ನುವವರಿಗೆ ಮುತ್ತೋಡಿಯ ಪ್ರಕೃತಿ ಶಿಬಿರ ಇದೆ, ಚಿಕ್ಕಮಗಳೂರಿನಿಂದ ಸುಮಾರು 38 ಕಿ.ಮೀ. ಅದೂ ಇದೇ ಭದ್ರಾ ಕಾಡು, ಇನ್ನೊಂದು ತುದಿ. ಎರಡು ರಾತ್ರಿಯಲ್ಲಿ ಎರಡನ್ನೂ ಸೇರಿಸಬೇಡಿ, ದಾರಿಯಲ್ಲೇ ದಿನ ಕಳೆಯುತ್ತದೆ.

ಒಂದು ವಿಷಯ ಮಕ್ಕಳಿಗೆ ತಿಳಿದಿರಲಿ. ಭದ್ರಾ ಕಾಡಿನ ಒಳಗೆ ಮೊದಲು ಊರುಗಳಿದ್ದವು. ಗದ್ದೆ, ಶಾಲೆ, ದೇವಸ್ಥಾನ ಎಲ್ಲ ಇತ್ತು. 2000ದ ಆಚೀಚೆ ಆ ಜನ ಮನೆ ಬಿಟ್ಟು ಹೊರಗೆ ಬಂದರು. ಬಹಳ ಜನ ತರೀಕೆರೆ ಕಡೆಯ ಎಂ.ಸಿ. ಹಳ್ಳಿಯಲ್ಲಿ ನೆಲೆಸಿದರು. ನೀವು ಹುಡುಕುತ್ತಿರುವ ಶಾಂತಿ ಅಲ್ಲಿ ಸುಮ್ನೆ ಬಂದದ್ದಲ್ಲ. ಬ್ಲೂಟೂತ್ ಸ್ಪೀಕರ್ ಮನೆಯಲ್ಲೇ ಇರಲಿ.

ಪ್ರಶ್ನೆ: ನಾವು ನಾಲ್ಕು ಜನ ಸ್ನೇಹಿತರು, ನಮ್ಮದೇ ಟೆಂಟ್ ಇದೆ. ಹೇಮಾವತಿ ಹಿನ್ನೀರಿನ ದಡದಲ್ಲಿ ಒಂದು ರಾತ್ರಿ ಮಲಗಬಹುದೇ?
(ಓದುಗರೊಬ್ಬರು, ಸಕಲೇಶಪುರ)

ಉತ್ತರ: ಬೇಡ ತಮ್ಮಾ. ಸಕಲೇಶಪುರ, ಆಲೂರು, ಬೇಲೂರು ಕಡೆ ರಾತ್ರಿ ಆನೆ ಎಲ್ಲಿ ಬರುತ್ತದೆ ಅಂತ ನಿಮಗೇ ಗೊತ್ತಿರಬೇಕು. ತೋಟಕ್ಕೆ ಕೆಲಸಕ್ಕೆ ಹೋದವರೇ ಜೀವ ಕಳೆದುಕೊಂಡಿದ್ದಾರೆ. ಆನೆ ಇರುವ ಕಡೆಯ ಬಗ್ಗೆ ಅರಣ್ಯ ಇಲಾಖೆಯವರು ಊರಿನವರಿಗೆ ಮೆಸೇಜ್ ಕಳಿಸುತ್ತಾರೆ, ಹೊರಗಿನಿಂದ ಬಂದು ದಡದಲ್ಲಿ ಮಲಗಿದವರಿಗೆ ಅದು ತಲುಪುವುದಿಲ್ಲ. ಮಳೆಗಾಲದಲ್ಲಿ ಮೇಲಿನಿಂದ ನೀರು ಬಂದು ದಡವೇ ಮುಳುಗುತ್ತದೆ. ಬೇಸಿಗೆಯಲ್ಲಿ ಹಗಲು ಹೊತ್ತು ಗೊರೂರು ಕಡೆಯ ಪಾಳುಬಿದ್ದ ಶೆಟ್ಟಿಹಳ್ಳಿ ಚರ್ಚ್ ನೋಡಿಕೊಂಡು ಬನ್ನಿ, ಗೋಡೆ ಹತ್ತಬೇಡಿ. ರಾತ್ರಿ ನಡಿಗೆ, ಟೆಂಟು ಬೇಕು ಅಂದರೆ ಇಲಾಖೆಯ ಅನುಮತಿ ಇರುವ ಜಾಗ ಮಾತ್ರ.

ಪ್ರಶ್ನೆ: ಕಯಾಕ್‌ಗೆ ಈಜು ಬರಲೇಬೇಕಾ?
(ಓದುಗರೊಬ್ಬರು, ಕಡೂರು)

ಉತ್ತರ: ಬಂದರೆ ಧೈರ್ಯ, ಬರದಿದ್ದರೂ ಲೈಫ್ ಜಾಕೆಟ್ ಹಾಕಿಕೊಂಡು ಗೈಡ್ ಜೊತೆ ಹೋಗಬಹುದು. ಜಾಕೆಟ್ ಅಳತೆ ಮಾತ್ರ ನೀವೇ ನೋಡಿ. ಎಲ್ಲ ಬಕಲ್ ಹಾಕಿ, ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯಿರಿ. ಕಿವಿವರೆಗೆ ಬಂದರೆ ಅದು ದೊಡ್ಡದು, ಬೇರೆ ಕೇಳಿ. ಮಕ್ಕಳಿಗೆ ದೊಡ್ಡವರ ಜಾಕೆಟ್ ಬಿಗಿದು ಕಟ್ಟಿ ಕಳಿಸಬೇಡಿ, ನೀರಿಗೆ ಬಿದ್ದರೆ ಅದು ಜಾರಿ ಮೇಲೆ ಹೋಗುತ್ತದೆ. ಈಜು ಬಂದರೂ ಭದ್ರಾ ಹಿನ್ನೀರಿಗೆ ಇಳಿಯಬೇಡಿ. ಒಳಗೆ ಮುಳುಗಿದ ಮರದ ಬುಡಗಳಿವೆ, ಮೊಸಳೆಯೂ ಇದೆ.