ಆಸ್ಕರ್ ಊಹೆ: ‘ಬರುತ್ತದೆ’ ಮತ್ತು ‘ಬರಬೇಕು’

ಸ್ನೇಹಿತರ ಜೊತೆ ಕುಳಿತು ಆಸ್ಕರ್ ಯಾರಿಗೆ ಎಂದು ಊಹಿಸುವವರು ಇದ್ದೀರಾ, ಫಲಿತಾಂಶದ ಜೊತೆ ಹೋಲಿಸಿದಾಗ ಎಷ್ಟು ಸರಿ ಬರುತ್ತದೆ, ತಪ್ಪುವುದು ಎಲ್ಲಿ ಎಂದು ಕೇಳಿದ್ದೀರಿ. ಮೈಸೂರಿನಲ್ಲಿ ನಾವು ನಾಲ್ವರು ಪ್ರತಿ ವರ್ಷವೂ ಇದನ್ನು ಮಾಡುತ್ತೇವೆ.

ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಒಂದೊಂದು ವಿಭಾಗದ ಮುಂದೆ ಒಬ್ಬೊಬ್ಬರಿಗೂ ಎರಡೆರಡು ಮನೆ. ಮೊದಲನೆಯದು ‘ಬರುತ್ತದೆ’, ಎರಡನೆಯದು ‘ಬರಬೇಕು’. ಅಂಕ ಸಿಗುವುದು ಮೊದಲನೆಯದಕ್ಕೆ ಮಾತ್ರ. ಹಿಂದಿನ ರಾತ್ರಿಯೇ ಪೆನ್ನಿನಲ್ಲಿ ಬರೆದು ಮುಗಿಸಬೇಕು, ಆಮೇಲೆ ತಿದ್ದುವಂತಿಲ್ಲ. 2021ರಿಂದ 2025ರವರೆಗೆ ಇದ್ದ 23 ವಿಭಾಗಗಳಲ್ಲಿ ನಮಗೆ 15ರಿಂದ 18 ಸರಿಯಾಗುತ್ತಿದ್ದವು. ಕಿರುಚಿತ್ರಗಳಲ್ಲಿ ಎಲ್ಲರೂ ಎಡವುತ್ತೇವೆ, ಏಕೆಂದರೆ ಅವುಗಳಲ್ಲಿ ಅರ್ಧವನ್ನೂ ನೋಡಿರುವುದಿಲ್ಲ.

ನಮಗೆ ನಿಜವಾಗಿ ಪಾಠ ಕಲಿಸಿದ್ದು 2020ರ ಫೆಬ್ರುವರಿ 10ರ ಸೋಮವಾರದ ಬೆಳಗು. ಶ್ರೇಷ್ಠ ಚಿತ್ರದ ಸಾಲಿನಲ್ಲಿ ಮೂವರು ‘ಬರುತ್ತದೆ’ ಎಂಬಲ್ಲಿ ಯುದ್ಧದ ಚಿತ್ರ ‘1917’ ಎಂದೂ ‘ಬರಬೇಕು’ ಎಂಬಲ್ಲಿ ಕೊರಿಯನ್ ಚಿತ್ರ ‘ಪ್ಯಾರಾಸೈಟ್’ ಎಂದೂ ಬರೆದಿದ್ದೆವು. ನಮ್ಮ ಲೆಕ್ಕಕ್ಕೆ ಆಧಾರವಿತ್ತು. ಅಮೆರಿಕದ ನಿರ್ಮಾಪಕರ ಸಂಘ, ನಿರ್ದೇಶಕರ ಸಂಘ, ಬ್ರಿಟನ್ನಿನ ಚಲನಚಿತ್ರ ಪ್ರಶಸ್ತಿಯಾದ ಬಾಫ್ತಾ ಮೂರೂ ‘1917’ರ ಕೈ ಹಿಡಿದಿದ್ದವು. ಅಲ್ಲದೆ ಇಂಗ್ಲಿಷೇತರ ಭಾಷೆಯ ಚಿತ್ರವೊಂದು ಅಲ್ಲಿಯವರೆಗೆ ಆ ಪ್ರಶಸ್ತಿ ಗೆದ್ದೇ ಇರಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳತಿಯೊಬ್ಬಳು ಮಾತ್ರ ಎರಡೂ ಮನೆಗಳಲ್ಲಿ ‘ಪ್ಯಾರಾಸೈಟ್’ ಎಂದು ಬರೆದಳು. ಅಭಿಮಾನಕ್ಕೆ ಅಂಕ ಕಳೆದುಕೊಳ್ಳುತ್ತೀಯಲ್ಲ ಎಂದು ನಾನೇ ಅವಳಿಗೆ ಹೇಳಿದ್ದೆ.

ಅವಳದು ಬರೀ ಅಭಿಮಾನವಾಗಿರಲಿಲ್ಲ. ಉಳಿದ ವಿಭಾಗಗಳಲ್ಲಿ ಹೆಚ್ಚು ಮತ ಬಿದ್ದವರಿಗೆ ಪ್ರಶಸ್ತಿ. ಶ್ರೇಷ್ಠ ಚಿತ್ರಕ್ಕೆ ಹಾಗಲ್ಲ. ಅಲ್ಲಿ ಆಸ್ಕರ್ ಕೊಡುವ ಅಕಾಡೆಮಿಯ ಸದಸ್ಯರು ಒಂದು, ಎರಡು, ಮೂರು ಎಂದು ಕ್ರಮವಾಗಿ ಚಿತ್ರಗಳನ್ನು ಬರೆಯಬೇಕು. ಯಾವುದಕ್ಕೂ ಅರ್ಧಕ್ಕಿಂತ ಹೆಚ್ಚು ಮೊದಲ ಮತ ಬಾರದಿದ್ದರೆ ಕಟ್ಟಕಡೆಯ ಚಿತ್ರವನ್ನು ತೆಗೆದುಹಾಕಿ, ಅದರ ಮತಪತ್ರಗಳನ್ನು ಅವುಗಳಲ್ಲಿರುವ ಮುಂದಿನ ಆಯ್ಕೆಗೆ ಸೇರಿಸುತ್ತಾರೆ. ಅರ್ಧ ದಾಟುವವರೆಗೂ ಇದೇ ಎಣಿಕೆ. ‘ಎಲ್ಲರ ಮೊದಲನೆಯ ಚಿತ್ರವಾಗಬೇಕಾಗಿಲ್ಲ, ಬಹಳ ಜನರ ಎರಡನೆಯದಾದರೆ ಸಾಕು, ಇದನ್ನು ಇಷ್ಟವಿಲ್ಲ ಎಂದವರು ನಿಮಗೆ ಯಾರಾದರೂ ಸಿಕ್ಕಿದ್ದಾರೆಯೇ?’ ಎಂದು ಅವಳು ಕೇಳಿದಳು. ನಿರ್ಮಾಪಕರ ಸಂಘದ ಎಣಿಕೆಯೂ ಇದೇ ಬಗೆಯದು, ಆದರೂ ಅವರು ‘1917’ ಎಂದರಲ್ಲ ಎಂದು ನಾವು ವಾದಿಸಿದೆವು. ಅದಕ್ಕೂ ಅವಳಲ್ಲಿ ಉತ್ತರವಿತ್ತು. 2016ರಿಂದ ಈಚೆಗೆ ಅಕಾಡೆಮಿ ಹೊರದೇಶಗಳ ಸದಸ್ಯರನ್ನು ದೊಡ್ಡ ಸಂಖ್ಯೆಯಲ್ಲಿ ಸೇರಿಸಿಕೊಂಡಿತ್ತು. ಅಕಾಡೆಮಿಯಲ್ಲಿ ನಟರ ಬಳಗವೇ ಎಲ್ಲಕ್ಕಿಂತ ದೊಡ್ಡದು, ನಟರ ಸಂಘ ಇಡೀ ತಾರಾಗಣಕ್ಕೆ ಕೊಡುವ ತನ್ನ ಸಮೂಹ ಪ್ರಶಸ್ತಿಯನ್ನು ಕೊಟ್ಟದ್ದು ‘ಪ್ಯಾರಾಸೈಟ್’ಗೆ.

ನಿರ್ದೇಶಕ ಪ್ರಶಸ್ತಿಗೆ ‘ಪ್ಯಾರಾಸೈಟ್’ನ ಬಾಂಗ್ ಜೂನ್ ಹೊ ಹೆಸರು ಬಂದಾಗಲೇ ಅವಳು ನೋಟ್‌ಬುಕ್ಕನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಕೊನೆಗೆ ನಟಿ ಜೇನ್ ಫೊಂಡಾ ಶ್ರೇಷ್ಠ ಚಿತ್ರದ ಲಕೋಟೆ ತೆರೆದು, ಒಂದು ಗಳಿಗೆ ತಡೆದು, ‘ಪ್ಯಾರಾಸೈಟ್’ ಎಂದು ಓದಿದರು. ನಾವು ಮೂವರೂ ಅಂಕ ಕಳೆದುಕೊಂಡಿದ್ದೆವು. ಆದರೂ ನಾಲ್ವರೂ ಎದ್ದು ನಿಂತು ಕೂಗಿಕೊಂಡೆವು. ವೇದಿಕೆಯ ದೀಪ ಬೇಗನೆ ಮಂದವಾದಾಗ ಸಭಿಕರು ಕೈ ಮೇಲೆತ್ತಿ ಕೂಗಿ ಮತ್ತೆ ದೀಪ ಹಾಕಿಸಿದರಲ್ಲ, ಅದನ್ನು ಈಗ ನೆನೆದರೂ ಕಣ್ಣು ತೇವವಾಗುತ್ತದೆ.

2023ರಲ್ಲಿ ‘ನಾಟು ನಾಟು’ ಎಂದು ನಾಲ್ವರೂ ಬರೆದಿದ್ದೆವು, ಅದರಲ್ಲಿ ಹೆಚ್ಚುಗಾರಿಕೆಯಿಲ್ಲ. ಕಿರು ಸಾಕ್ಷ್ಯಚಿತ್ರದಲ್ಲಿ ‘ದಿ ಎಲಿಫೆಂಟ್ ವಿಸ್ಪರರ್ಸ್’ ಎಂದು ಧೈರ್ಯ ಮಾಡಿದ್ದು ಗುಂಡ್ಲುಪೇಟೆಯ ಗೆಳೆಯ ಒಬ್ಬನೇ. ಆ ಚಿತ್ರದ ಬೊಮ್ಮನ್ ಮತ್ತು ಬೆಳ್ಳಿ ಆನೆಮರಿ ಸಾಕಿದ ತೆಪ್ಪಕಾಡು ಶಿಬಿರ, ಬಂಡೀಪುರ ದಾಟಿ ಊಟಿಗೆ ಹೋಗುವ ದಾರಿಯಲ್ಲೇ ಇದೆ. ಅವನಿಗೆ ಅದು ಚಿಕ್ಕಂದಿನಿಂದ ಗೊತ್ತಿರುವ ಕಾಡು. ಆ ವರ್ಷ ಅವನ ಮನಸ್ಸೂ ಲೆಕ್ಕವೂ ಒಂದೇ ಆದವು.

ಇನ್ನು 2021. ಕೋವಿಡ್ ಎರಡನೆಯ ಅಲೆಯ ಏಪ್ರಿಲ್ ತಿಂಗಳು, ಒಬ್ಬೊಬ್ಬರೂ ಅವರವರ ಮನೆಯಲ್ಲಿ ಮೊಬೈಲ್ ಹಿಡಿದು ಕುಳಿತಿದ್ದೆವು. ನಟ ವಿಭಾಗದಲ್ಲಿ ನಾಲ್ವರೂ ನೋಟ್‌ಬುಕ್ಕಿನ ಎರಡೂ ಮನೆಗಳಲ್ಲಿ ಚಾಡ್ವಿಕ್ ಬೋಸ್‌ಮನ್ ಎಂದೇ ಬರೆದಿದ್ದೆವು. ಹಿಂದಿನ ಆಗಸ್ಟ್‌ನಲ್ಲಿ 43ರ ವಯಸ್ಸಿಗೇ ತೀರಿಕೊಂಡಿದ್ದರು. ಗೋಲ್ಡನ್ ಗ್ಲೋಬ್, ನಟರ ಸಂಘದ ಪ್ರಶಸ್ತಿ ಎರಡೂ ಅವರಿಗೇ ಬಂದಿದ್ದವು. ಸಮಾರಂಭದವರು ಸಹ ವಾಡಿಕೆ ಮುರಿದು, ಶ್ರೇಷ್ಠ ಚಿತ್ರವನ್ನು ಮೊದಲೇ ಮುಗಿಸಿ, ನಟ ಪ್ರಶಸ್ತಿಯನ್ನು ಕೊನೆಗೆ ಇಟ್ಟಿದ್ದರು. ಬಂದದ್ದು ‘ದಿ ಫಾದರ್’ ಚಿತ್ರದ 83 ವರ್ಷದ ಆಂಟನಿ ಹಾಪ್ಕಿನ್ಸ್ ಹೆಸರು. ಅವರು ಅಲ್ಲಿರಲೂ ಇಲ್ಲ. ಕಾರ್ಯಕ್ರಮ ಹಾಗೆಯೇ ಮುಗಿದುಹೋಯಿತು. ಫೋನಿನಲ್ಲಿ ಯಾರೂ ಬಹಳ ಹೊತ್ತು ಮಾತನಾಡಲಿಲ್ಲ.

ಲೆಕ್ಕದ ಪ್ರಕಾರ ಸುಳಿವು ಇದ್ದೇ ಇತ್ತು. ಆಸ್ಕರ್‌ನ ಅಂತಿಮ ಮತದಾನಕ್ಕೆ ಕೆಲವೇ ದಿನ ಮೊದಲು ಬಾಫ್ತಾ ಹಾಪ್ಕಿನ್ಸ್‌ಗೆ ಹೋಗಿತ್ತು. ಅದನ್ನು ಕಂಡೂ ನಾವು ಬದಿಗೆ ಸರಿಸಿದ್ದೆವು. ಅಷ್ಟೇ ಅಲ್ಲ, ‘ದಿ ಫಾದರ್’ ನೋಡದೆಯೇ ನಾನು ‘ಬರಬೇಕು’ ಬರೆದಿದ್ದೆ. ಕೆಲವು ತಿಂಗಳ ನಂತರ ನೋಡಿದೆ. ಮರೆವಿನ ಕಾಯಿಲೆಯ ಆ ಮುದುಕ ಕೊನೆಯಲ್ಲಿ ದಾದಿಯ ಮುಂದೆ ಮಗುವಿನಂತೆ ಅತ್ತು ಅಮ್ಮ ಬೇಕು ಎನ್ನುತ್ತಾನೆ. ನಮ್ಮ ಅಜ್ಜಿ ಕೊನೆಗಾಲದಲ್ಲಿ ಸ್ವಂತ ಮನೆಯ ಜಗಲಿಯಲ್ಲೇ ಕುಳಿತು ‘ನನ್ನನ್ನು ಮನೆಗೆ ಕರೆದುಕೊಂಡು ಹೋಗಿ’ ಎನ್ನುತ್ತಿದ್ದರು, ಅದೇ ದನಿ. ಅರ್ಧ ಗಂಟೆ ಏಳಲಾಗಲಿಲ್ಲ.

ನಿಯಮದಂತೆ ತಿದ್ದುವಂತಿಲ್ಲ, ಹಾಗಾಗಿ ‘ಬರಬೇಕು’ ಮನೆಯಲ್ಲಿ ಬೋಸ್‌ಮನ್ ಹೆಸರು ಹಾಗೆಯೇ ಇದೆ. ಪಕ್ಕದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ‘ಹಾಪ್ಕಿನ್ಸ್ ಕೂಡ, ಚಿತ್ರ ನೋಡಿದ ಮೇಲೆ’ ಎಂದು ಬರೆದು ದಿನಾಂಕ ಹಾಕಿದೆ. ಮುಂದಿನ ಬಾರಿ ಸೇರಿದಾಗ ಉಳಿದ ಮೂವರೂ ಅದರ ಕೆಳಗೆ ಒಬ್ಬೊಬ್ಬರಾಗಿ ಸಹಿ ಹಾಕಿದರು.